ಪಿತ್ತ, ಗ್ಯಾಸ್ಟ್ರಿಕ್, ದೃಷ್ಟಿ: ಬಿಡದ ತಲೆನೋವಿಗೆ ನಾವು ಕಟ್ಟಿದ ಹೆಸರುಗಳು

“ಪಿತ್ತ ಕೆರಳಿದೆ, ಒಂದು ಸಲ ವಾಂತಿಯಾದರೆ ಸರಿಹೋಗುತ್ತೆ.” ಗುಬ್ಬಿ, ಕುಣಿಗಲ್ ಕಡೆಯ ಮನೆಗಳಲ್ಲಿ ತಲೆಗೆ ಬಟ್ಟೆ ಬಿಗಿದು ಮಲಗಿದವರಿಗೆ ಮೊದಲು ಸಿಗುವ ತೀರ್ಪು ಇದು. ಅಜ್ಜಿಯರು ನೋಡಿದ್ದು ಸುಳ್ಳಲ್ಲ. ತಲೆಯ ಒಂದು ಮಗ್ಗುಲು ಮಿಡಿಯುವಂಥ ನೋವು, ಬೆಳಕು ಕಂಡರಾಗದು, ಮಿಕ್ಸಿ ಸದ್ದು ಕೇಳಿದರಾಗದು, ಹೊಟ್ಟೆ ತೊಳಸುತ್ತದೆ. ವಾಂತಿಯಾಗಿ ಒಂದು ನಿದ್ದೆ ಬಂದರೆ ಎಷ್ಟೋ ಸಲ ನೋವು ಇಳಿದಿರುತ್ತದೆ. ಲಕ್ಷಣವನ್ನು ಇದಕ್ಕಿಂತ ಚೆನ್ನಾಗಿ ಹೇಳಲಾಗದು. ತಪ್ಪಿದ್ದು ಕಾರಣದಲ್ಲಿ. ಇದು ಅರೆತಲೆನೋವು, ಅಂದರೆ ಮೈಗ್ರೇನ್. ಮುಖ ಮತ್ತು ತಲೆಯ ಸಂವೇದನೆಯನ್ನು ಹೊತ್ತೊಯ್ಯುವ ಟ್ರೈಜೆಮಿನಲ್ ನರ ಕೆರಳಿ, ಮೆದುಳಿನ ಹೊದಿಕೆಯ ರಕ್ತನಾಳಗಳ ಸುತ್ತ ಸಿಜಿಆರ್‌ಪಿ ಎಂಬ ಪ್ರೋಟೀನು ಬಿಡುಗಡೆಯಾಗುತ್ತದೆ. ಹೊಟ್ಟೆಯ ಕೆಲಸ ನಿಧಾನವಾಗುವುದೂ ಅದೇ ಕಾಟದ ಭಾಗ. ವಾಂತಿಯೂ ತಲೆನೋವೂ ಒಂದೇ ಬೇರಿನಿಂದ ಬಂದವು. ಪಿತ್ತ ತಲೆಗೇರಿ ನೋವು ತಂದದ್ದಲ್ಲ.

ಪಿತ್ತದ ಜಾಗಕ್ಕೆ ಈಗ ಗ್ಯಾಸ್ಟ್ರಿಕ್ ಬಂದು ಕೂತಿದೆ. ಬೆಳಿಗ್ಗೆ ತುಮಕೂರಿನಿಂದ ಬೆಂಗಳೂರಿನ ರೈಲು ಹಿಡಿಯುವ ನೌಕರರು ತಿಂಡಿ ಬಿಟ್ಟು ಬರೀ ಕಾಫಿ ಕುಡಿದು ಓಡುತ್ತಾರೆ. 11 ಗಂಟೆ ಹೊತ್ತಿಗೆ ತಲೆ ಸಿಡಿಯಲು ಶುರು. “ಗ್ಯಾಸ್ ತಲೆಗೆ ಹೊಡೀತು” ಅನ್ನುತ್ತಾ ಅಸಿಡಿಟಿ ಮಾತ್ರೆ ನುಂಗುತ್ತಾರೆ. ಹೊಟ್ಟೆಯ ಗಾಳಿ ತಲೆಗೆ ಹೋಗಲು ದಾರಿಯೇ ಇಲ್ಲ. ಹಸಿವು ಮಾತ್ರ ಮೈಗ್ರೇನನ್ನು ಕೆರಳಿಸಬಲ್ಲದು. ಸೋಮವಾರ, ಶನಿವಾರ ಒಪ್ಪತ್ತು ಮಾಡುವವರಲ್ಲಿ ಆ ದಿನವೇ ತಲೆ ಹಿಡಿಯುತ್ತಿದ್ದರೆ ದೇವರ ಮುನಿಸಲ್ಲ, ಬಿಟ್ಟ ಊಟ.

ಹಳಬರ ನಂಬಿಕೆಯೆಲ್ಲ ಸುಳ್ಳು ಎಂದುಕೊಳ್ಳಬೇಡಿ. “ತಲೆಗೆ ನೀರು ಹಾಕ್ಕೊಂಡರೆ ತಲೆನೋವು ಬರುತ್ತೆ” ಎಂದು ಹೆಂಗಸರು ಹೇಳಿದಾಗ ಕೆಲವು ವೈದ್ಯರೂ ನಕ್ಕದ್ದುಂಟು. ಮುಂಬೈನ ತಲೆನೋವು ತಜ್ಞ ಡಾ. ಕೆ. ರವಿಶಂಕರ್ ನಗಲಿಲ್ಲ. ತಲೆಸ್ನಾನದಿಂದ ಮೈಗ್ರೇನ್ ಬರುವ 94 ಭಾರತೀಯ ರೋಗಿಗಳ ವಿವರವನ್ನು ಅವರು 2006ರಲ್ಲಿ ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟಿಸಿದರು. ಅಜ್ಜಿಯ ಮಾತು ಇಲ್ಲಿ ಗೆದ್ದಿತು.

ಸೈನಸ್, ಬಿಪಿ, ಕನ್ನಡಕ ಈ ಮೂರಕ್ಕೆ ಹೆಚ್ಚು ಹೊತ್ತು ಬೇಡ. ತಮಗಿರುವುದು ಸೈನಸ್ ತಲೆನೋವೆಂದು ನಂಬಿದ್ದ, ಅಥವಾ ವೈದ್ಯರಿಂದ ಹಾಗೆ ಹೇಳಿಸಿಕೊಂಡಿದ್ದ 2,991 ಜನರನ್ನು ಅಮೆರಿಕದಲ್ಲಿ ಪರೀಕ್ಷಿಸಿದಾಗ ಶೇ 88ರಷ್ಟು ಮಂದಿಯಲ್ಲಿ ಕಂಡದ್ದು ಮೈಗ್ರೇನ್ ಮಾದರಿಯ ನೋವು. ಸ್ವಲ್ಪ ಏರಿದ ಬಿಪಿ ಸಾಮಾನ್ಯವಾಗಿ ತಲೆನೋವು ತರುವುದಿಲ್ಲ. ಕಣ್ಣು ಪರೀಕ್ಷೆ ಮಾಡಿಸಿ, ಒಳ್ಳೆಯದೇ. ಆದರೆ ನಂಬರ್ ಬದಲಾಯಿಸಿದರೆ ಮೈಗ್ರೇನ್ ಹೋಗುವುದಿಲ್ಲ.

“ತಲೆನೋವು ಪೇಟೆಯವರ ಕಾಯಿಲೆ, ಹಳ್ಳಿಯವರಿಗೆಲ್ಲಿಯ ಟೆನ್ಷನ್” ಎಂಬ ಮಾತೂ ನಿಲ್ಲುವುದಿಲ್ಲ. ನಿಮ್ಹಾನ್ಸ್ ತಂಡ 2009-10ರಲ್ಲಿ ಬೆಂಗಳೂರು ನಗರ ಮತ್ತು ಗ್ರಾಮೀಣ ಭಾಗದಲ್ಲಿ 18ರಿಂದ 65 ವರ್ಷದ 2,329 ಜನರನ್ನು ಮನೆಮನೆಗೆ ಹೋಗಿ ಮಾತಾಡಿಸಿತು. ಒಂದು ವರ್ಷದಲ್ಲಿ ತಲೆನೋವು ಕಂಡವರು ಶೇ 63.9. ಮೈಗ್ರೇನ್ ಇದ್ದವರು ಸುಮಾರು ನಾಲ್ವರಲ್ಲಿ ಒಬ್ಬರು. ಗಂಡಸರಿಗಿಂತ ಹೆಂಗಸರಲ್ಲಿ, ಪೇಟೆಗಿಂತ ಹಳ್ಳಿಯಲ್ಲಿ ಹೆಚ್ಚು. ತಿಂಗಳಲ್ಲಿ 15 ದಿನವೋ ಅದಕ್ಕಿಂತ ಹೆಚ್ಚೋ ತಲೆನೋವಲ್ಲೇ ಕಳೆಯುವವರು ಶೇ 3. ನೂರು ವಯಸ್ಕರಿರುವ ಊರಿನಲ್ಲಿ ಮೂವರು ಎಂದು ಲೆಕ್ಕ ಹಾಕಿ. ಆ ಮೂವರಿಗಾಗಿ ಈ ಬರಹ.

ಅಂಥವರ ಮನೆಯಲ್ಲಿ ಡಬ್ಬಿಯ ತುಂಬ ಬಾಮು ಮತ್ತು ಮಾತ್ರೆ. ಅಡಿಕೆ ಕೊಯ್ಲಿನ ಕಾಲದಲ್ಲಿ ಗುಬ್ಬಿ ಸೀಮೆಯಲ್ಲಿ ಕತ್ತಿಯ ಮುಂದೆ ಕೂತು ಸುಲಿಯುವ ಹೆಂಗಸರು ನೋವೆಂದು ಎದ್ದು ಹೋದರೆ ಅಂದಿನ ಕೂಲಿ ಕಮ್ಮಿ. ಅದಕ್ಕೇ ಸೆರಗಿನ ತುದಿಯಲ್ಲಿ ಎರಡು ಮಾತ್ರೆ ಗಂಟು ಕಟ್ಟಿಕೊಂಡೇ ಬರುತ್ತಾರೆ. ಒಂದು ಲೋಟ ಟೀ, ಒಂದು ಮಾತ್ರೆ, ಮತ್ತೆ ಕೆಲಸ. “ಅಂಗಡಿ ಮಾತ್ರೆ ತಾನೇ, ಏನಾಗಲ್ಲ” ಎನ್ನುವುದು ನನ್ನ ಪ್ರಕಾರ ಈ ಪಟ್ಟಿಯಲ್ಲೇ ಅತಿ ದುಬಾರಿಯಾದ ನಂಬಿಕೆ. ಬರೀ ಪ್ಯಾರಾಸಿಟಮಾಲನ್ನು ತಿಂಗಳಿಗೆ 15 ದಿನ, ಕೆಫೀನ್ ಮುಂತಾದವು ಬೆರೆತ ಮಾತ್ರೆಯನ್ನು 10 ದಿನ ಮುಟ್ಟಿ, ಹೀಗೇ ಮೂರು ತಿಂಗಳು ದಾಟಿದರೆ ಮಾತ್ರೆಯೇ ತಲೆನೋವನ್ನು ಸಾಕತೊಡಗುತ್ತದೆ. ಇಳಿದ ಔಷಧದ ಜಾಗದಲ್ಲಿ ನೋವು ಏಳುತ್ತದೆ, ಅದಕ್ಕೆ ಮತ್ತೊಂದು ಮಾತ್ರೆ. ನಿಲ್ಲಿಸಿದ ಮೊದಲ ಕೆಲವು ದಿನ ನೋವು ಹೆಚ್ಚುವುದರಿಂದ “ಮಾತ್ರೆ ಇಲ್ಲದೆ ಬದುಕಲಾರೆ” ಅನ್ನಿಸುತ್ತದೆ. ವೈದ್ಯರ ಜೊತೆ ಮಾತಾಡಿಕೊಂಡು ಆ ದಿನಗಳನ್ನು ದಾಟಿದರೆ ಬಹಳ ಮಂದಿಗೆ ತಲೆನೋವಿನ ದಿನಗಳೇ ಇಳಿಯುತ್ತವೆ.

ಇನ್ನು ಸ್ಕ್ಯಾನ್. “ಗೆಡ್ಡೆ ಇರಬಹುದಾ?” ಎಂಬ ಭಯದಲ್ಲಿ ಸಾಲ ಮಾಡಿ ಎಂಆರ್‌ಐ ಮಾಡಿಸುತ್ತಾರೆ. ವರದಿ ನಾರ್ಮಲ್. ರೋಗಿಗೆ ಒಂದು ಗಳಿಗೆ ಸಮಾಧಾನ, ಮನೆಯವರಿಗೆ ಅನುಮಾನ: “ಏನೂ ಇಲ್ಲವಂತೆ, ಕೆಲಸ ತಪ್ಪಿಸೋಕೆ ಆಡ್ತಾಳೆ.” ಮೈಗ್ರೇನ್ ಸ್ಕ್ಯಾನಿನಲ್ಲಿ ಕಾಣುವ ಕಾಯಿಲೆಯಲ್ಲ. ವೈದ್ಯರು ಅದನ್ನು ಗುರುತಿಸುವುದು ರೋಗಿಯ ಮಾತು ಕೇಳಿ, ಮೈ ಪರೀಕ್ಷಿಸಿ. ವರದಿ ನಾರ್ಮಲ್ ಬಂತೆಂದರೆ ಗೆಡ್ಡೆ ಇಲ್ಲ ಎಂದಷ್ಟೇ ಅರ್ಥ. ಜಗತ್ತಿನಲ್ಲಿ ಜನರನ್ನು ಕೆಲಸ ಮಾಡಲಾಗದಂತೆ ಮಾಡುವ ಕಾಯಿಲೆಗಳಲ್ಲಿ ಮೈಗ್ರೇನ್ ಎರಡನೆಯದು, ಹರೆಯದ ಹೆಂಗಸರಲ್ಲಿ ಮೊದಲನೆಯದು ಎಂದು ಜಾಗತಿಕ ರೋಗಭಾರದ 2019ರ ಅಧ್ಯಯನ ಲೆಕ್ಕ ಕೊಟ್ಟಿತ್ತು. ನಾಟಕಕ್ಕೆ ಆ ಸ್ಥಾನ ಸಿಗುವುದಿಲ್ಲ.

ಬೇಸರ ಹತಾಶೆಯಾಗುವುದು ಇಲ್ಲೇ. ಮೈಗ್ರೇನ್ ಇರುವವರಲ್ಲಿ ಖಿನ್ನತೆ ಉಳಿದವರಿಗಿಂತ ಎರಡು ಮೂರು ಪಟ್ಟು ಹೆಚ್ಚು. “ಚಿಂತೆ ಮಾಡಿ ಮಾಡಿ ತಲೆನೋವು ತಂದುಕೊಂಡ” ಎಂಬುದು ಅರ್ಧ ಮಾತು; ತಲೆನೋವು ಖಿನ್ನತೆಗೆ, ಖಿನ್ನತೆ ತಲೆನೋವಿಗೆ ಎರಡೂ ಕಡೆಯಿಂದ ದಾರಿ ತೆರೆದಿದೆ. “ಹೀಗೆ ಬದುಕುವುದಕ್ಕಿಂತ…” ಎಂದು ಯಾರಾದರೂ ಅರ್ಧಕ್ಕೆ ಮಾತು ನಿಲ್ಲಿಸಿದರೆ ಉಳಿದರ್ಧವನ್ನು ನೇರವಾಗಿ ಕೇಳಿ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕೀತು ಎಂಬ ಭಯ ಬೇಡ. ಕೇಳುವುದರಿಂದ ಅಪಾಯ ಹೆಚ್ಚುವುದಿಲ್ಲ.

ಚಿಕಿತ್ಸೆ ಸೋಲುವುದು ಹೆಚ್ಚಾಗಿ ಔಷಧದ ಚೀಟಿಯ ಬಳಿ. ತಲೆನೋವು ಪದೇಪದೇ ಬಾರದಂತೆ ತಡೆಯಲು ವೈದ್ಯರು ಪ್ರೊಪ್ರನಾಲಾಲ್ ಬರೆದರೆ “ನನಗೆ ಬಿಪಿ ಇಲ್ಲವಲ್ಲ”, ಟೊಪಿರಮೇಟ್ ಬರೆದರೆ “ಇದು ಫಿಟ್ಸ್ ಮಾತ್ರೆ”, ಕಡಿಮೆ ಪ್ರಮಾಣದ ಅಮಿಟ್ರಿಪ್ಟಿಲಿನ್ ಬರೆದರೆ ಮನೆಯಲ್ಲಿ ಗುಸುಗುಸು, “ತಲೆಕೆಟ್ಟವರ ಮಾತ್ರೆ ಕೊಟ್ಟಿದ್ದಾರೆ.” ಮೂರೂ ಬೇರೆ ಕಾಯಿಲೆಗೆ ಹುಟ್ಟಿ, ಮೈಗ್ರೇನ್ ತಡೆಯಲೂ ಒದಗಿದ ಔಷಧಗಳು. ಸರಿಯಾದ ಪ್ರಮಾಣ ತಲುಪಿ ಎರಡು ತಿಂಗಳಾದರೂ ಆಗಬೇಕು, ಆಮೇಲೆ ಗುಣ ಕಾಣುತ್ತದೆ. ನಮ್ಮವರು ಹತ್ತು ದಿನಕ್ಕೆ ಬಿಟ್ಟು “ಯಾವುದೂ ಕೆಲಸ ಮಾಡಲಿಲ್ಲ” ಎನ್ನುತ್ತಾರೆ. ಗರ್ಭಿಣಿಯರು, ಮಗು ಬೇಕೆಂದಿರುವವರು, ಉಬ್ಬಸ ಇರುವವರು ಅದನ್ನು ಮೊದಲೇ ವೈದ್ಯರಿಗೆ ಹೇಳಬೇಕು. ಯಡಿಯೂರು ಸಿದ್ಧಲಿಂಗೇಶ್ವರನಿಗೆ ಹರಕೆ ಹೊತ್ತು ಬನ್ನಿ, ದೃಷ್ಟಿಗೆ ಮೆಣಸಿನಕಾಯಿ ನಿವಾಳಿಸಿ ಹಾಕಿ, ಅಭ್ಯಂತರವಿಲ್ಲ. ಮಾತ್ರೆ ಮಾತ್ರ ಬಿಡಬೇಡಿ.

“ಬುಡಸಮೇತ ಕಿತ್ತು ಹಾಕುತ್ತೇವೆ” ಎಂಬ ಜಾಹೀರಾತನ್ನು ನಂಬಿ ಊರೂರು ಅಲೆಯುವುದೂ ಹತಾಶೆಯನ್ನು ಬೆಳೆಸುತ್ತದೆ. ಮೈಗ್ರೇನಿಗೆ ಹಾಗೆ ಬುಡ ಕೀಳುವ ಔಷಧ ಸದ್ಯಕ್ಕಿಲ್ಲ. ತಿಂಗಳಿಗೆ 16 ದಿನವಿದ್ದ ನೋವು 8 ದಿನಕ್ಕೆ ಇಳಿದರೆ ವೈದ್ಯರ ಲೆಕ್ಕದಲ್ಲಿ ಅದು ಗೆಲುವು. ಇಳಿದದ್ದು ತಿಳಿಯಲು ಹಾಲು, ಸಿಲಿಂಡರ್ ಲೆಕ್ಕ ಬರೆಯುವ ಗೋಡೆಯ ಕ್ಯಾಲೆಂಡರೇ ಸಾಕು: ನೋವಿದ್ದ ದಿನಕ್ಕೆ ಒಂದು ಗೀಟು, ಮಾತ್ರೆ ನುಂಗಿದ ದಿನಕ್ಕೆ ಒಂದು ಸೊನ್ನೆ, ಮುಟ್ಟಾದ ದಿನಕ್ಕೊಂದು ಗುರುತು. ಆ ಹಾಳೆಯನ್ನೇ ಹರಿದು ವೈದ್ಯರ ಬಳಿ ಒಯ್ಯಿರಿ. ಹಳೆಯ ಸ್ಕ್ಯಾನಿನ ಕಟ್ಟಿಗಿಂತ ಅವರಿಗೆ ಅದೇ ಹೆಚ್ಚು ಹೇಳುತ್ತದೆ.

ಕೆಲವು ಲಕ್ಷಣ ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು: ಸಿಡಿಲು ಬಡಿದಂತೆ ಒಮ್ಮೆಲೇ ಬಂದ ನೋವು, ಜ್ವರದ ಜೊತೆ ಕುತ್ತಿಗೆ ಬಿಗಿತ, ಕೈಕಾಲು ಸೋಲುವುದು, ಮಾತು ತೊದಲುವುದು, ಪೆಟ್ಟಿನ ನಂತರದ ನೋವು, 50 ದಾಟಿದ ಮೇಲೆ ಹೊಸದಾಗಿ ಶುರುವಾದದ್ದು. ಬಾಣಂತಿಯ ತಲೆನೋವನ್ನು “ಶೀತ” ಎಂದು ತಳ್ಳಿಹಾಕಬೇಡಿ. ಹೆರಿಗೆಯ ನಂತರದ ವಾರಗಳಲ್ಲಿ ಮೆದುಳಿನ ಅಭಿಧಮನಿಯಲ್ಲಿ ರಕ್ತ ಹೆಪ್ಪುಗಟ್ಟುವ ಸಂಭವವಿದೆ. ನೀರು ಕೊಡದೆ ಒಣಗಿಸುವ ಪದ್ಧತಿ ಅದಕ್ಕೆ ಇನ್ನಷ್ಟು ಇಂಬು ಕೊಡುತ್ತದೆ.

ಉಳಿದದ್ದಕ್ಕೆ ತಾಲ್ಲೂಕು ಆಸ್ಪತ್ರೆಯಿಂದ ಶುರುಮಾಡಿ. ರಾಜ್ಯ ಸರ್ಕಾರ ಮತ್ತು ನಿಮ್ಹಾನ್ಸ್ 2022ರಲ್ಲಿ ಆರಂಭಿಸಿದ ಮೆದುಳಿನ ಆರೋಗ್ಯ ಕಾರ್ಯಕ್ರಮ ಪಾರ್ಶ್ವವಾಯು, ಮೂರ್ಛೆರೋಗ, ಮರೆಗುಳಿತನದ ಸಾಲಿನಲ್ಲಿ ತಲೆನೋವನ್ನೂ ಸೇರಿಸಿಕೊಂಡಿದೆ. ತುಮಕೂರು ಜಿಲ್ಲಾಸ್ಪತ್ರೆಯಲ್ಲಿ ಅದರ ಬಗ್ಗೆ ವಿಚಾರಿಸಿ. ರಾತ್ರಿ ನೋವಿನಲ್ಲಿ ಒಬ್ಬರೇ ಎದ್ದು ಕೂತು ಬದುಕೇ ಬೇಡ ಅನ್ನಿಸಿದರೆ ಟೆಲಿ-ಮಾನಸ್ ಸಂಖ್ಯೆ 14416. ಹಗಲಿರುಳು ಉಚಿತ, ಕನ್ನಡದಲ್ಲೇ ಮಾತಾಡುತ್ತಾರೆ.