ಎಂಟು ಲೀಟರ್ ಟ್ಯಾಂಕಿನ ಖಂಡಾಂತರ ಲೆಕ್ಕ

ಒಂದು ಒಳ್ಳೆಯ ಕೆಲಸಕ್ಕೆ ದೇಣಿಗೆ ಕೂಡಿಸಲು ಸ್ಕೂಟರಿನಲ್ಲಿ ಖಂಡಗಳನ್ನು ದಾಟಬೇಕು ಎಂದುಕೊಂಡವರು ಮೊದಲು ಹರಡಿ ಕೂರುವುದು ಭೂಪಟವನ್ನು. ಯಾವ ದೇಶ, ಯಾವ ಗಡಿ, ಎಷ್ಟು ದಿನ ಎಂಬ ಪಟ್ಟಿ ಅಲ್ಲಿಂದ ಬೆಳೆಯುತ್ತದೆ. ನನ್ನ ವಾದವೇನೆಂದರೆ, ಈ ಲೆಕ್ಕ ಸ್ಕೂಟರಿನಿಂದ ಶುರುವಾಗಬೇಕು. ಅದರ ಚಕ್ರ, ಟ್ಯಾಂಕು, ಕಾರ್ಬ್ಯುರೇಟರುಗಳಿಗಿರುವ ಮಿತಿಯನ್ನು ಮೊದಲು ಬರೆದುಕೊಂಡರೆ ದಾರಿ, ವೇಗ, ಹೊರೆ, ಖರ್ಚು ಎಲ್ಲವೂ ಅದರಿಂದಲೇ ತೀರ್ಮಾನವಾಗುತ್ತವೆ. ಸಣ್ಣ ಸ್ಕೂಟರ್ ಇಂಥ ಯಾನಕ್ಕೆ ತಡೆಯುತ್ತದೆಯೇ ಎಂಬ ಸಂದೇಹಕ್ಕೆ ಉತ್ತರ ಈಗಾಗಲೇ ಸಿಕ್ಕಿದೆ. ಇಟಲಿಯ ಜಾರ್ಜಿಯೊ ಬೆಟಿನೆಲ್ಲಿ 1992ರಲ್ಲಿ 125 ಸಿಸಿ ವೆಸ್ಪಾ ಏರಿ ರೋಮ್‌ನಿಂದ ಹೊರಟು, ಸುಮಾರು 24,000 ಕಿ.ಮೀ. ಸಾಗಿ ವಿಯೆಟ್ನಾಮಿನ ಸೈಗಾನ್ ತಲುಪಿದರು. ಮುಂದೆ ಅಲಾಸ್ಕಾದಿಂದ ದಕ್ಷಿಣ ಅಮೆರಿಕದ ತುದಿಯವರೆಗೂ ಹೋದರು. ನಮ್ಮ ಮೈಸೂರಿನಿಂದ 2018ರಲ್ಲಿ ತಾಯಿಯನ್ನು ಹಿಂದೆ ಕೂರಿಸಿಕೊಂಡು ತೀರ್ಥಯಾತ್ರೆಗೆ ಹೊರಟ ಮಗ, ತಂದೆ ಕೊಡಿಸಿದ್ದ ಹಳೆಯ ಬಜಾಜ್ ಚೇತಕ್‌ನಲ್ಲೇ ದೇಶವನ್ನೆಲ್ಲ ಸುತ್ತಿ ನೇಪಾಳ, ಭೂತಾನ್, ಮ್ಯಾನ್ಮಾರ್‌ಗಳನ್ನೂ ಕಂಡರು.

ಈ ಎರಡೂ ಸ್ಕೂಟರುಗಳದು ಒಂದೇ ವಂಶ. 1946ರಲ್ಲಿ ಪಿಯಾಜಿಯೊ ಕಂಪನಿಗಾಗಿ ವೆಸ್ಪಾ ರೂಪಿಸಿದ ಕೊರಾಡಿನೊ ದಾಸ್ಕಾನಿಯೊ ವಿಮಾನ ಎಂಜಿನಿಯರ್. ವಿಮಾನದ ಚಕ್ರದ ಹಾಗೆ ಮುಂಚಕ್ರವನ್ನು ಒಂದೇ ಪಕ್ಕದ ತೋಳಿಗೆ ಸಿಕ್ಕಿಸಿದರು. ಚೌಕಟ್ಟಿನ ಕೊಳವೆಗಳನ್ನು ಬಿಟ್ಟು ಉಕ್ಕಿನ ತಗಡಿನ ಮೈಯನ್ನೇ ಚೌಕಟ್ಟಾಗಿಸಿದರು. ಎಂಜಿನ್ನನ್ನು ಹಿಂಚಕ್ರದ ಪಕ್ಕಕ್ಕೇ ತಂದು ಸರಪಳಿಯ ಗೊಡವೆ ತಪ್ಪಿಸಿದರು. ದೂರದ ದಾರಿಯಲ್ಲಿ ಈ ವಿನ್ಯಾಸದ ಬೆಲೆ ಗೊತ್ತಾಗುವುದು ಪಂಕ್ಚರ್ ಆದಾಗ. ವೆಸ್ಪಾದ ಪಿಎಕ್ಸ್ ಮಾದರಿಯಲ್ಲಿ ಐದು ನಟ್ ಬಿಚ್ಚಿದರೆ ಚಕ್ರ ಪಕ್ಕಕ್ಕೆ ಜಾರಿ ಕೈಗೆ ಬರುತ್ತದೆ, ಸ್ಟೆಪ್ನಿ ಮುಂದಕ್ಕೂ ಹಿಂದಕ್ಕೂ ಹೊಂದುತ್ತದೆ. ರಿಮ್ಮಿನ ಎರಡು ಹೋಳುಗಳನ್ನು ಬಿಡಿಸಿದರೆ ಟ್ಯೂಬ್ ಹೊರಗೆ. ಟೈರನ್ನು ಲಿವರ್ ಹಾಕಿ ಮೀಟಬೇಕಿಲ್ಲ. ಕ್ಲಚ್, ಗೇರ್, ಆಕ್ಸಿಲರೇಟರ್ ಎಲ್ಲವೂ ಕೇಬಲ್ಲಿನಿಂದ ನಡೆಯುವುದರಿಂದ ಒಂದು ಚಿಕ್ಕ ಪೊಟ್ಟಣದ ಕೇಬಲ್ಲುಗಳು ಹಲವು ರಿಪೇರಿಗಳಿಗೆ ಸಾಕು. ಈಗಿನ ಗೇರಿಲ್ಲದ ಸ್ಕೂಟರುಗಳಾದರೆ ಒಳಗಿನ ಬೆಲ್ಟ್ ಸುಮಾರು ಇಪ್ಪತ್ತು ಸಾವಿರ ಕಿ.ಮೀ.ಗೆ ಬದಲಾಗಬೇಕು, ಅದು ಎಲ್ಲಿ ಬದಲಾಗುತ್ತದೆ ಎಂದು ಹೊರಡುವ ಮೊದಲೇ ಗುರುತು ಹಾಕಿಕೊಳ್ಳಬೇಕು.

ಇನ್ನು ಮಿತಿಗಳು. ಹತ್ತು ಇಂಚಿನ ರಿಮ್ಮಿಗೆ ಟೈರ್ ಹಾಕಿದ ಮೇಲೂ ಚಕ್ರದ ವ್ಯಾಸ 43 ಸೆಂ.ಮೀ. ಆಸುಪಾಸು. ಎಂಟು ಸೆಂ.ಮೀ. ಎತ್ತರದ ಅಂಚನ್ನು ಇದು ನಿಧಾನವಾಗಿ ಹತ್ತಬೇಕಾದರೆ, ತಾನು ಹೊತ್ತ ಭಾರಕ್ಕಿಂತ ಕಾಲು ಭಾಗದಷ್ಟು ಹೆಚ್ಚು ಬಲದ ತಳ್ಳು ಬೇಕು. ಹದಿನೆಂಟು ಇಂಚಿನ ಬೈಕ್ ಚಕ್ರಕ್ಕೆ ಭಾರದ ಹತ್ತರಲ್ಲಿ ಒಂಬತ್ತು ಭಾಗ ಸಾಕು. ಗುಂಡಿ ಬಿದ್ದ ರಸ್ತೆಯಲ್ಲಿ ಸ್ಕೂಟರ್ ಜಗ್ಗುವುದು ಇದರಿಂದಲೇ. ಟ್ಯಾಂಕು ಎಂಟು ಲೀಟರ್. ಹೊರೆ ಹೇರಿದ ಸ್ಕೂಟರ್ ಲೀಟರಿಗೆ ಮೂವತ್ತು ಕಿ.ಮೀ. ಕೊಟ್ಟರೂ 240 ಕಿ.ಮೀ.ಗೆ ಬಂಕ್ ಸಿಗಬೇಕು, ಇಲ್ಲವೇ ಕ್ಯಾನ್ ಹೊರಬೇಕು. ಟೂ-ಸ್ಟ್ರೋಕ್ ಆದರೆ ಪೆಟ್ರೋಲಿನ ಶೇಕಡಾ 2ರಷ್ಟು ಆಯಿಲ್ಲೂ ಬೇಕು: 24,000 ಕಿ.ಮೀ.ಗೆ 800 ಲೀಟರ್ ಪೆಟ್ರೋಲ್, 16 ಲೀಟರ್ ಆಯಿಲ್.

ಭೂಪಟದಲ್ಲಿ ಸುಲಭವಾಗಿ ಕಾಣದ ಮಿತಿಯೆಂದರೆ ಗಾಳಿಯದು. ತಜಿಕಿಸ್ತಾನದ ಪಾಮೀರ್ ಹೆದ್ದಾರಿ ಅಕ್-ಬೈತಾಲ್ ಕಣಿವೆಮಾರ್ಗದಲ್ಲಿ 4,655 ಮೀಟರ್ ಎತ್ತರಕ್ಕೆ ಏರುತ್ತದೆ. ಅಲ್ಲಿನ ಗಾಳಿಯ ಸಾಂದ್ರತೆ ಸಮುದ್ರಮಟ್ಟದ ಶೇಕಡಾ 60ರಷ್ಟು. ಎಂಟು ಅಶ್ವಶಕ್ತಿಯ ಎಂಜಿನ್ ಐದಕ್ಕೆ ಇಳಿಯುತ್ತದೆ. ಕಾರ್ಬ್ಯುರೇಟರ್ ಮಾತ್ರ ಗಾಳಿ ತೆಳುವಾದ ಪ್ರಮಾಣಕ್ಕೆ ಪೆಟ್ರೋಲ್ ಇಳಿಸುವುದಿಲ್ಲ. ಪ್ಲಗ್ ಕರಿಗಟ್ಟುತ್ತದೆ, ಎಂಜಿನ್ ಮುಗ್ಗರಿಸುತ್ತದೆ. ಪರಿಹಾರ, ಕಾರ್ಬ್ಯುರೇಟರಿನಲ್ಲಿ ಪೆಟ್ರೋಲ್ ಅಳೆದು ಬಿಡುವ ಜೆಟ್ಟನ್ನು ತೆಗೆದು ಸಣ್ಣ ರಂಧ್ರದ್ದನ್ನು ಹಾಕುವುದು. ಇಳಿದ ಮೇಲೆ ಮರೆಯದೆ ಹಳೆಯದನ್ನೇ ಹಾಕಬೇಕು. ಇಲ್ಲದಿದ್ದರೆ ಪೆಟ್ರೋಲ್ ಸಾಲದೆ ಎಂಜಿನ್ ಮಿತಿಮೀರಿ ಕಾದು ಪಿಸ್ಟನ್ ಹಿಡಿದುಕೊಳ್ಳುತ್ತದೆ. ಟೂ-ಸ್ಟ್ರೋಕ್‌ಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆಯಲ್ಲೇ ಆದ್ದರಿಂದ, ಉದ್ದದ ಇಳಿಜಾರಿನಲ್ಲಿ ಆಕ್ಸಿಲರೇಟರ್ ಪೂರ್ತಿ ಮುಚ್ಚಿ ಗೇರಿನಲ್ಲೇ ಇಳಿಯುವುದೂ ಅಪಾಯ. ನಡುನಡುವೆ ತುಸು ತಿರುವಿ ಎಣ್ಣೆ ಕುಡಿಸುತ್ತಿರಬೇಕು.

ಹಾಗಾದರೆ ದೊಡ್ಡ ಬೈಕೇ ಒಳ್ಳೆಯದಲ್ಲವೇ? ಗುಂಡಿಯ ವಿಷಯದಲ್ಲಿ ಈ ಆಕ್ಷೇಪ ಸರಿ. ಆದರೆ ಗಾಳಿಯ ತಡೆಯನ್ನು ಗೆಲ್ಲಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಗಂಟೆಗೆ 80 ಕಿ.ಮೀ.ನಿಂದ 50ಕ್ಕೆ ಇಳಿದರೆ ಆ ಹೊರೆ ನಾಲ್ಕನೇ ಒಂದಾಗುತ್ತದೆ; ಬಿದ್ದಾಗಿನ ಚಲನಶಕ್ತಿ ಎರಡೂವರೆ ಪಟ್ಟು ಕಡಿಮೆ. ನಿಧಾನವೇ ಸ್ಕೂಟರಿನ ರಕ್ಷಣೆ, ಅದನ್ನು ಮೊದಲ ದಿನದಿಂದಲೇ ವೇಳಾಪಟ್ಟಿಯಲ್ಲಿ ಬರೆದಿರಬೇಕು. ಗಾಡಿಯ ತೂಕದ ಮಾತೂ ಇದೆ: ನೂರು ಕಿಲೋ ಆಸುಪಾಸಿನ ಸ್ಕೂಟರನ್ನು ಇಬ್ಬರು ದೋಣಿಗೆ ಎತ್ತಬಹುದು. ಪನಾಮ ಮತ್ತು ಕೊಲಂಬಿಯಾ ನಡುವಿನ ಡೇರಿಯನ್ ಕಾಡಿನಲ್ಲಿ ಸುಮಾರು ನೂರು ಕಿ.ಮೀ. ರಸ್ತೆಯೇ ಇಲ್ಲ; ವಾಹನ ಸಾಗಬೇಕಾದ್ದು ಹಡಗು ಅಥವಾ ವಿಮಾನದಲ್ಲಿ. ಹೊಗೆಯ ಆಕ್ಷೇಪಕ್ಕೆ ಮಾತ್ರ ಮರುಮಾತಿಲ್ಲ. ಹಳೆಯ ಟೂ-ಸ್ಟ್ರೋಕ್ ಎಂಜಿನ್ ಸೇದಿಕೊಂಡ ಪೆಟ್ರೋಲಿನಲ್ಲಿ ಒಂದು ಪಾಲನ್ನು ಉರಿಸದೆಯೇ ಹೊರಹಾಕುತ್ತದೆ. ಹೊಸದಾಗಿ ಗಾಡಿ ಕೊಳ್ಳುವವರು ಫ್ಯುಯೆಲ್ ಇಂಜೆಕ್ಷನ್ ಇರುವ ಫೋರ್-ಸ್ಟ್ರೋಕ್ ಆರಿಸುವುದೇ ಸರಿ; ಎತ್ತರಕ್ಕೆ ತಕ್ಕಂತೆ ಪೆಟ್ರೋಲನ್ನು ಅದೇ ಹೊಂದಿಸಿಕೊಳ್ಳುತ್ತದೆ.

ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಹಣದ್ದು: ಪ್ರಯಾಣಕ್ಕೆ ಸುರಿಯುವ ದುಡ್ಡನ್ನು ನೇರವಾಗಿ ಕೊಡಬಾರದೇ? ಪೆಟ್ರೋಲ್, ವೀಸಾ, ಹಡಗಿನ ಬಾಡಿಗೆ, ಗಾಡಿಯ ಪಾಸ್‌ಪೋರ್ಟಿನಂತಿರುವ ಕಾರ್ನೆ ಪತ್ರಕ್ಕೆ ಇಡಬೇಕಾದ ಭದ್ರತಾ ಠೇವಣಿ ಇವೆಲ್ಲ ದೇಣಿಗೆಯಿಂದಲೇ ಹೋಗುವುದಾದರೆ ನೇರವಾಗಿ ಕೊಡುವುದೇ ಮೇಲು. ಪ್ರಯಾಣದ ಖರ್ಚು ಸವಾರರದೇ ಜೇಬಿನದಾಗಿ, ದೇಣಿಗೆಯ ಖಾತೆ ಬೇರೆಯಾಗಿದ್ದು, ಅದರ ಪೈಸೆಪೈಸೆಯೂ ಉದ್ದೇಶಕ್ಕೇ ಸೇರಿದರೆ ಯಾನಕ್ಕೆ ಅರ್ಥವಿದೆ. ಆಧುನಿಕ ಗುಲಾಮಗಿರಿಯ ವಿರುದ್ಧ ದನಿಯೆತ್ತಲು 2017ರಲ್ಲಿ ಇಬ್ಬರು ಬ್ರಿಟಿಷ್ ಯುವಕರು ಸೈಡ್‌ಕಾರ್ ಜೋಡಿಸಿದ ಸ್ಕೂಟರಿನಲ್ಲಿ ಲೋಕ ಸುತ್ತಲು ಹೊರಟರು. ಅವರು ಹೊತ್ತದ್ದು ಒಂದು ವಿಷಯವನ್ನು. ಅದನ್ನು ಹೇಳಲು ಜನ ಹತ್ತಿರ ಬರಬೇಕು. ಪ್ರತಿ ಇನ್ನೂರು ಕಿ.ಮೀ.ಗೆ ನಿಲ್ಲಲೇಬೇಕಾದ ಗಾಡಿ ಆ ಅವಕಾಶವನ್ನು ತಾನೇ ಒದಗಿಸುತ್ತದೆ. ದಿನಕ್ಕೆ ಐನೂರು ಕಿ.ಮೀ. ಓಡಿಸುವ ಯೋಜನೆ ಸ್ಕೂಟರನ್ನೂ ಕೆಡಿಸುತ್ತದೆ, ಉದ್ದೇಶವನ್ನೂ ಕೆಡಿಸುತ್ತದೆ. ನೂರೈವತ್ತಕ್ಕೆ ನಿಲ್ಲುವ ಯೋಜನೆ ಎರಡನ್ನೂ ಕಾಯುತ್ತದೆ.