ಬ್ಯಾಡ್ಜಿನೊಳಗಿನ ಹೂರಣ

ಮೈಸೂರಿನ ಹೂಟಗಳ್ಳಿಯ ಕೆಎಚ್‌ಬಿ ಕಾಲೊನಿಯಲ್ಲಿ ನಮ್ಮ ಎದುರು ಮನೆಯ ಹುಡುಗಿ ಎಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದಾಳೆ. ಮೊನ್ನೆ ಸಂಜೆ ಕಾಂಪೌಂಡಿನ ಮೇಲಿಂದಲೇ ಫೋನು ಚಾಚಿ “ಅಂಕಲ್, ಬ್ಯಾಡ್ಜ್ ಬಂತು ನೋಡಿ” ಅಂದಳು. ನಾಣ್ಯದಗಲದ ನೀಲಿ ವೃತ್ತ, ನಡುವೆ ಹಲ್ಲುಚಕ್ರದ ಚಿತ್ರ. ನನಗೆ ನೆನಪಾದದ್ದು ಟ್ರಂಕಿನ ತಳದಲ್ಲಿರುವ ನನ್ನ ಎಸ್‌ಎಸ್‌ಎಲ್‌ಸಿ ಮಾರ್ಕ್ಸ್ ಕಾರ್ಡು. ಅದರ ಜೆರಾಕ್ಸಿಗೆ ಗೆಜೆಟೆಡ್ ಅಧಿಕಾರಿಯ ಸಹಿ ಹಾಕಿಸಲು ಎಷ್ಟು ಕಚೇರಿಗಳ ಬೆಂಚು ಸವೆಸಿದ್ದೇನೋ.

ಆ ವೃತ್ತವನ್ನು ಒತ್ತಿದೆ. ಒಳಗೆ ಬರಹವಿತ್ತು: ಕೊಟ್ಟವರು ಯಾರು, ಪಡೆದವರು ಯಾರು, ಯಾವ ದಿನ, ಏನು ಮಾಡಿದ್ದಕ್ಕೆ, ಆ ಕೆಲಸವನ್ನು ಎಲ್ಲಿ ನೋಡಬಹುದು. ನಮ್ಮ ದಾನಶಾಸನಗಳ ಕ್ರಮವೂ ಹೆಚ್ಚುಕಡಿಮೆ ಇದೇ. ದಾನಿ, ದಾನ ಪಡೆದವನು, ಕಾರಣ, ತಿಥಿ, ಸಾಕ್ಷಿಗಳು. ಇಲ್ಲೇ ಪಕ್ಕದ ತಲಕಾಡಿನ ಗಂಗರು ತಾಮ್ರಪಟಗಳನ್ನು ಬಳೆಯಲ್ಲಿ ಪೋಣಿಸಿ ಆನೆಯ ಮುದ್ರೆ ಒತ್ತುತ್ತಿದ್ದರು. ಮುದ್ರೆಯಿದ್ದರೂ ಗಂಗರ ಹೆಸರಿನ ಎಷ್ಟೋ ಪಟಗಳು ಕೂಟಶಾಸನಗಳು, ಅಂದರೆ ನಕಲಿ, ಎಂದು ಶಾಸನತಜ್ಞ ಜೆ.ಎಫ್. ಫ್ಲೀಟ್ ವಾದಿಸಿದರು. ಬರಹ ಹುಟ್ಟಿದಂದಿನಿಂದಲೂ ಇದು ನಿಜವೇ ಎಂಬ ಪ್ರಶ್ನೆ ಅದರ ಬೆನ್ನಿಗಿದೆ.

ಈ ಬ್ಯಾಡ್ಜಿನ ಮೂಲ ಸ್ಕೌಟುಗಳ ತೋಳಿನ ಮೇಲಿತ್ತು. ಗಂಟು ಹಾಕಲು ಕಲಿತವನಿಗೆ, ಪ್ರಥಮ ಚಿಕಿತ್ಸೆ ಬಲ್ಲವನಿಗೆ ಒಂದೊಂದು ಬಟ್ಟೆಯ ಚಿಹ್ನೆ. ಅದನ್ನು ಅಂತರ್ಜಾಲಕ್ಕೆ ತಂದದ್ದು ಫೈರ್‌ಫಾಕ್ಸ್ ಬ್ರೌಸರಿನ ಮೊಜಿಲ್ಲಾ ಸಂಸ್ಥೆ. 2011ರ ಸೆಪ್ಟೆಂಬರಿನಲ್ಲಿ ಮ್ಯಾಕ್‌ಆರ್ಥರ್ ಪ್ರತಿಷ್ಠಾನದ ಜೊತೆ ಸೇರಿ ಅದು ‘ಓಪನ್ ಬ್ಯಾಡ್ಜಸ್’ ಯೋಜನೆ ಘೋಷಿಸಿತು. ಕಲಿಕೆ ತರಗತಿಯ ಗೋಡೆಯಾಚೆಗೂ ನಡೆಯುತ್ತದೆ, ಗ್ರಂಥಾಲಯದಲ್ಲಿ, ಕಾರ್ಯಾಗಾರದಲ್ಲಿ, ಕೆಲಸದ ಜಾಗದಲ್ಲಿ ಕಲಿತದ್ದಕ್ಕೂ ಲೆಕ್ಕ ಸಿಗಬೇಕು ಎಂಬುದು ಅದರ ಆಸೆ. ಮೊದಲ ಮಾನಕ 2013ರಲ್ಲಿ ಬಂತು. ಅದೇ ವರ್ಷದ ಮೇ ತಿಂಗಳಲ್ಲಿ ಮೂಡಲ್ ತಂತ್ರಾಂಶದ 2.5ನೇ ಆವೃತ್ತಿಗೆ ಬ್ಯಾಡ್ಜು ಸೇರಿತು. ಆಸ್ಟ್ರೇಲಿಯಾದ ಮಾರ್ಟಿನ್ ಡೂಗಿಯಾಮಸ್ 2002ರಲ್ಲಿ ಹೊರತಂದ ಈ ಉಚಿತ ತಂತ್ರಾಂಶವೇ ಜಗತ್ತಿನ ಸಾವಿರಾರು ವಿಶ್ವವಿದ್ಯಾಲಯಗಳ ಆನ್‌ಲೈನ್ ತರಗತಿಗೆ ಆಧಾರ. ಹಾಗಾಗಿ ಬ್ಯಾಡ್ಜು ಮೇಷ್ಟರ ಕೈಗೆ ಬಂತು. 2017ರಲ್ಲಿ ಮೊಜಿಲ್ಲಾ ಮಾನಕದ ಹೊಣೆಯನ್ನು ಐಎಂಎಸ್ ಗ್ಲೋಬಲ್ ಎಂಬ ಒಕ್ಕೂಟಕ್ಕೆ ವಹಿಸಿತು. ಈಗ ಅದರ ಹೆಸರು ಒನ್‌ಎಡ್‌ಟೆಕ್.

ಬ್ಯಾಡ್ಜಿನ ಜಾಣತನವೆಲ್ಲ ಅದರ ಒಳಗಿದೆ. ಹೋಳಿಗೆಯೊಳಗೆ ಹೂರಣ ತುಂಬಿದ ಹಾಗೆ, ಚಿತ್ರದ ಕಡತದ ಒಳಗೇ ವಿವರಗಳನ್ನು ತುಂಬಿರುತ್ತಾರೆ. ಚಿತ್ರವನ್ನು ಯಾರಿಗೆ ಕಳಿಸಿದರೂ ಹೂರಣ ಜೊತೆಗೇ ಹೋಗುತ್ತದೆ, ಕೊಟ್ಟ ಸಂಸ್ಥೆಯ ದಾಖಲೆಯೊಂದಿಗೆ ಅದನ್ನು ತಾಳೆ ನೋಡಬಹುದು. ಪಡೆದವರ ಗುರುತು ಮಾತ್ರ ಸಾಮಾನ್ಯವಾಗಿ ಇ-ಮೇಲ್ ವಿಳಾಸ. ಇಲ್ಲೇ ನಮ್ಮ ಅಕ್ಕನ ಮಗ ಎಡವಿದ. ಅವನ ಆರು ಬ್ಯಾಡ್ಜುಗಳೂ ಕಾಲೇಜು ಕೊಟ್ಟ ಇ-ಮೇಲಿಗೆ ಅಂಟಿಕೊಂಡಿದ್ದವು. ಓದು ಮುಗಿದ ಕೆಲವೇ ತಿಂಗಳಿಗೆ ಕಾಲೇಜು ಆ ವಿಳಾಸ ಮುಚ್ಚಿತು. ಪಾಸ್‌ವರ್ಡ್ ಬದಲಿಸಲು ಬ್ಯಾಡ್ಜಿನ ತಾಣ ಕಳಿಸುವ ಕೊಂಡಿಯೂ ಆ ಮುಚ್ಚಿದ ಅಂಚೆಪೆಟ್ಟಿಗೆಗೇ ಹೋಗುತ್ತಿತ್ತು. ಸಂದರ್ಶನದ ಹಿಂದಿನ ರಾತ್ರಿ ಅವನು ಅಳುವುದೊಂದು ಬಾಕಿ. ಕಲಿತದ್ದು ಅವನದು, ಕಲಿತ ಗುರುತು ಬೇರೆಯವರ ಮನೆಯ ಬೀರುವಿನಲ್ಲಿ. ಬ್ಯಾಡ್ಜಿಗೆ ಸ್ವಂತ ಇ-ಮೇಲ್ ಕೊಡಿ ಎಂದು ಮಕ್ಕಳಿಗೆ ಹೇಳುವುದು ಮೊದಲ ಸೆಮಿಸ್ಟರಿನ ಮೊದಲ ಪಾಠವಾಗಬೇಕು.

ನಮ್ಮ ದೇಶದಲ್ಲಿ ಹುಡುಗರ ಬಾಯಲ್ಲಿ ಹೆಚ್ಚು ಓಡಾಡುವ ಹೆಸರು ಎನ್‌ಪಿಟೆಲ್. ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ 2003ರಲ್ಲಿ ಶುರುಮಾಡಿದ ಈ ಆನ್‌ಲೈನ್ ಪಾಠಗಳಿಗೆ 2014ರಿಂದ ಪ್ರಮಾಣಪತ್ರ ಬಂತು. ವಾರವಾರದ ಅಸೈನ್‌ಮೆಂಟಿಗೆ 25 ಅಂಕ, ಕೇಂದ್ರಕ್ಕೆ ಹೋಗಿ ಬರೆಯುವ ಪರೀಕ್ಷೆಗೆ 75. ತೊಂಬತ್ತು ದಾಟಿದವರಿಗೆ ‘ಎಲೀಟ್ ಗೋಲ್ಡ್’. ಎದುರು ಮನೆಯ ಹುಡುಗಿಗೆ 74 ಬಂದು, ಒಂದೇ ಅಂಕಕ್ಕೆ ‘ಸಿಲ್ವರ್’ ತಪ್ಪಿದಾಗ ಆ ಮನೆಯಲ್ಲಿ ಎರಡು ದಿನ ಟೀವಿ ಹಾಕಲಿಲ್ಲ. ಪರೀಕ್ಷೆಯೊಂದನ್ನು ಎದುರಿಸಿ ಪಡೆಯಬೇಕಾದ್ದರಿಂದಲೇ ಆ ಹಾಳೆಗೆ ಬೆಲೆಯಿದೆ.

ಇನ್ನು ಹೂಟಗಳ್ಳಿಯ ವಿಳಾಸದಲ್ಲೇ ಇನ್ಫೊಸಿಸ್ ಕ್ಯಾಂಪಸ್ಸಿದೆ. ಅದರ ಕಂಬಸಾಲಿನ ದೊಡ್ಡ ಕಟ್ಟಡ, ಎರಡನೆಯ ಗ್ಲೋಬಲ್ ಎಜುಕೇಷನ್ ಸೆಂಟರ್, 2009ರಲ್ಲಿ ಉದ್ಘಾಟನೆಯಾಯಿತು. ದೇಶದ ಮೂಲೆಮೂಲೆಯ ಹುಡುಗರು ಬ್ಯಾಗು ಹೊತ್ತು ಇಲ್ಲಿ ಇಳಿಯುತ್ತಾರೆ. ಕಂಪನಿ ಈಗ ‘ಸ್ಪ್ರಿಂಗ್‌ಬೋರ್ಡ್’ ಎಂಬ ತಾಣದಲ್ಲಿ ಆರನೇ ತರಗತಿಯ ಮಕ್ಕಳಿಂದ ಹಿಡಿದು ಯಾರಿಗೆ ಬೇಕಾದರೂ ಉಚಿತ ಪಾಠ, ಪ್ರಮಾಣಪತ್ರ ಕೊಡುತ್ತಿದೆ. ಕಾಂಪೌಂಡಿನ ಒಳಗಿನ ಕಲಿಕೆಯ ಒಂದಂಶ ಹೊರಗಿನವರಿಗೂ ದಕ್ಕಿತು ಎಂಬುದು ಸಣ್ಣ ಮಾತಲ್ಲ.

ಕಾಗದ ಕಾಯುವ ಕೆಲಸವನ್ನು ಸರ್ಕಾರ ಬೇರೆ ದಾರಿಯಲ್ಲಿ ಮಾಡಿತು. 2015ರಲ್ಲಿ ಡಿಜಿಲಾಕರ್, 2017ರಲ್ಲಿ ಅಂಕಪಟ್ಟಿಗಳ ರಾಷ್ಟ್ರೀಯ ಭಂಡಾರ, 2021ರಲ್ಲಿ ಓದಿನ ಕ್ರೆಡಿಟ್ಟುಗಳನ್ನು ಜಮಾ ಮಾಡುವ ಬ್ಯಾಂಕ್. ಆದರೆ ಭದ್ರವಾದ ಪೆಟ್ಟಿಗೆಯಿಂದ ಒಳಗಿನ ಕಾಗದದ ಬೆಲೆ ಏರುವುದಿಲ್ಲ. ಇದು ಮೈಸೂರಿಗೆ ಚೆನ್ನಾಗಿ ಗೊತ್ತು. 1969ರಲ್ಲಿ ಮೈಸೂರು ವಿಶ್ವವಿದ್ಯಾಲಯ ತೆರೆದ ಅಂಚೆ ಶಿಕ್ಷಣ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. 2012-13ರ ನಂತರ ಅದಕ್ಕೆ ಯುಜಿಸಿ ಮಾನ್ಯತೆ ಸಿಗಲಿಲ್ಲ, ಮತ್ತೆ ಸಿಕ್ಕಿದ್ದು 2018ರಲ್ಲಿ. ನಡುವೆ ಓದಿದವರ ಕೈಯಲ್ಲಿದ್ದ ಹಾಳೆ ನಕಲಿಯಾಗಿರಲಿಲ್ಲ, ಸಹಿಯೂ ನಿಜ, ಮುದ್ರೆಯೂ ನಿಜ. ಆದರೂ ಅದನ್ನು ಹಿಡಿದು ಅಲೆದರು. ಯಾವ ಕ್ಯೂಆರ್ ಕೋಡೂ ಆ ನೋವನ್ನು ತಡೆಯುತ್ತಿರಲಿಲ್ಲ.

ನನ್ನ ಕಳವಳ ಬೇರೆ. ಬ್ಯಾಡ್ಜು ಹುಟ್ಟಿದ್ದು ಕಾಗದವಿಲ್ಲದವರಿಗಾಗಿ. ನಮ್ಮ ಬೀದಿಯಲ್ಲೇ ಇಪ್ಪತ್ತು ವರ್ಷ ಲೇತ್ ಮುಂದೆ ನಿಂತವರಿದ್ದಾರೆ, ಮೈಕ್ರಾನ್ ಲೆಕ್ಕದ ವ್ಯತ್ಯಾಸವನ್ನು ಬೆರಳಲ್ಲೇ ಹಿಡಿಯುತ್ತಾರೆ. ಅವರಿಗೆ ಯಾರೂ ಬ್ಯಾಡ್ಜು ಕೊಟ್ಟಿಲ್ಲ. ಮೂರು ವಿಡಿಯೊ ಓಡಿಸಿದವರಿಗೆ ಮಾತ್ರ ಮೂರು ಸಿಗುತ್ತವೆ. ಹೂರಣ ತುಂಬುವ ಜಾಗದಲ್ಲಿ ‘ಕೋರ್ಸ್ ಮುಗಿಸಿದ್ದಾರೆ’ ಎಂದಷ್ಟೇ ಬರೆದರೆ ಉಳಿಯುವುದು ಬರಿಯ ಚಿತ್ರ.

ಕಾಲೊನಿಯ ಉಪನ್ಯಾಸಕರೊಬ್ಬರು ಕಳೆದ ಭಾನುವಾರ ಮೂಡಲ್‌ನಲ್ಲಿ ಬ್ಯಾಡ್ಜು ಮಾಡುವುದನ್ನು ಪಕ್ಕದಲ್ಲಿ ಕೂತು ನೋಡಿದೆ. ಹೆಸರು, ಚಿತ್ರ, ಅವಧಿ ಎಲ್ಲ ಐದು ನಿಮಿಷದಲ್ಲಿ ಮುಗಿಯಿತು. ಆಮೇಲೆ ಏನು ಮಾಡಿದವರಿಗೆ ಕೊಡಬೇಕು ಎಂಬ ಸಾಲು. ಒಬ್ಬ ವಿದ್ಯಾರ್ಥಿಗೆ ಕೊಟ್ಟರೂ ಸಾಕು, ಮಾನದಂಡಕ್ಕೆ ಬೀಗ ಬೀಳುತ್ತದೆ, ಬದಲಿಸುವ ಹಾಗಿಲ್ಲ. ‘ಮೋಟಾರ್ ಬಗ್ಗೆ ತಿಳಿದಿದ್ದಾರೆ’ ಎಂದು ಬರೆದು ಅಳಿಸಿದರು. ‘ಪ್ರಯೋಗ ಮುಗಿಸಿದ್ದಾರೆ’ ಎಂದು ಬರೆದು ಅದನ್ನೂ ಅಳಿಸಿದರು. ಕಾಫಿ ಆರಿತು. ಕೊನೆಗೆ ಬರೆದರು: ‘ಕೆಟ್ಟ ಮೋಟಾರೊಂದನ್ನು ಬಿಚ್ಚಿ, ಸುಟ್ಟ ಸುರುಳಿಯನ್ನು ಪತ್ತೆಮಾಡಿ, ಮತ್ತೆ ಸುತ್ತಿ ಓಡಿಸಿ ತೋರಿಸಿದ್ದಾರೆ.’ ಒಮ್ಮೆ ಓದಿಕೊಂಡು ಗುಂಡಿ ಒತ್ತಿದರು.