ಕೃಷ್ಣೆಯ ನಡುವಿನ ದ್ವೀಪದಲ್ಲಿ ಬನವಾಸಿ ಅರಸಿಯ ನೆನಪು

ಹೈದರಾಬಾದ್: ಗ್ರೀಸ್ ದೇಶದ ಪಾಟ್ಮೋಸ್ ಒಂದು ಪುಟ್ಟ ದ್ವೀಪ. ವಿಮಾನ ನಿಲ್ದಾಣವಿಲ್ಲದ ಅಲ್ಲಿಗೆ ಹಡಗೇ ಗತಿ. ಬೈಬಲಿನ ಕೊನೆಯ ಪುಸ್ತಕದ ದರ್ಶನ ಸಂತ ಯೋಹಾನರಿಗೆ ಅಲ್ಲಿನ ಗುಹೆಯೊಂದರಲ್ಲಿ ಆಯಿತೆಂಬುದು ಕ್ರೈಸ್ತರ ನಂಬಿಕೆ. ಬೆಟ್ಟದ ಮೇಲೆ 1088ರಲ್ಲಿ ಸ್ಥಾಪನೆಯಾದ ಮಠ ಇಂದಿಗೂ ಇದೆ. ವಿಹಾರ ನೌಕೆಗಳಲ್ಲಿ ಪ್ರವಾಸಿಗರು ಅಲ್ಲಿಗೆ ಹೋಗುತ್ತಾರೆ.

ಅಷ್ಟು ದೂರ ಹೋಗಲಾಗದ ನಗರದ ಕನ್ನಡಿಗರಿಗೆ ಸುಮಾರು 150 ಕಿ.ಮೀ. ದೂರದಲ್ಲೇ ಅಂಥದೊಂದು ಪ್ರಶಾಂತ ದ್ವೀಪವಿದೆ. ಅದು ನಾಗಾರ್ಜುನ ಸಾಗರದ ನಡುವಿನ ನಾಗಾರ್ಜುನಕೊಂಡ. ಇಲ್ಲಿರುವುದು ಬೌದ್ಧ ಪರಂಪರೆ. ಜೊತೆಗೆ ಕನ್ನಡ ನಾಡಿನ ಸೊಸೆಯೊಬ್ಬಳ ಹೆಸರೂ ಇಲ್ಲಿನ ಕಲ್ಲಿನಲ್ಲಿ ಉಳಿದಿದೆ.

ಕ್ರಿ.ಶ. 3-4ನೇ ಶತಮಾನಗಳಲ್ಲಿ ಈ ಬೆಟ್ಟದ ಕೆಳಗಿನ ಕಣಿವೆಯಲ್ಲಿ ಇಕ್ಷ್ವಾಕು ಅರಸರ ರಾಜಧಾನಿ ವಿಜಯಪುರಿ ಇತ್ತು. ಸ್ತೂಪ, ವಿಹಾರಗಳನ್ನು ಕಟ್ಟಿಸಿದವರಲ್ಲಿ ರಾಜಮನೆತನದ ಸ್ತ್ರೀಯರೇ ಮುಂದು. ಅವರಲ್ಲೊಬ್ಬಳು ಕೊಡಬಲಿಸಿರಿ. ಅರಸ ವೀರಪುರುಷದತ್ತನ ಮಗಳು, 'ವನವಾಸ'ದ ಮಹಾರಾಜನ ರಾಣಿ. ವನವಾಸವೆಂದರೆ ಇಂದಿನ ಉತ್ತರ ಕನ್ನಡದ ಬನವಾಸಿ. ಕದಂಬರು ಇನ್ನೂ ಪಟ್ಟಕ್ಕೆ ಬಾರದ ಕಾಲವದು. ತನ್ನ ಸೋದರ ಎಹುವುಲ ಚಾಂತಮೂಲನ ಆಳ್ವಿಕೆಯ 11ನೇ ವರ್ಷದಲ್ಲಿ ಆಕೆ ಮಹೀಶಾಸಕ ಪಂಥದ ಆಚಾರ್ಯರಿಗೆ ತವರಿನಲ್ಲಿ ವಿಹಾರ ಕಟ್ಟಿಸಿದಳೆಂದು ಪ್ರಾಕೃತ ಶಾಸನ ಹೇಳುತ್ತದೆ. ತೆಲುಗು ನಾಡಿಗೂ ಕನ್ನಡ ನಾಡಿಗೂ ಬೀಗತನ ಅಷ್ಟು ಹಳೆಯದು.

ಪಾಟ್ಮೋಸಿನ ಮಠ ಕಟ್ಟಿದಲ್ಲೇ ನಿಂತಿದೆ. ಇಲ್ಲಿ ಹಾಗಾಗಲಿಲ್ಲ. 1955ರ ಡಿಸೆಂಬರ್ 10ರಂದು ಪ್ರಧಾನಿ ನೆಹರೂ ಅಣೆಕಟ್ಟಿಗೆ ಅಡಿಗಲ್ಲು ಹಾಕಿದರು. ರೈತನ ಹೊಲಕ್ಕೆ ನೀರು ಬೇಕಿತ್ತು, ಕಣಿವೆ ಮುಳುಗಲೇಬೇಕಿತ್ತು. ಪುರಾತತ್ವ ಇಲಾಖೆ 1954ರಿಂದ 1960ರವರೆಗೆ ಆರ್. ಸುಬ್ರಹ್ಮಣ್ಯಂ ನೇತೃತ್ವದಲ್ಲಿ ಕಣಿವೆಯನ್ನೆಲ್ಲ ಅಗೆದು ನೋಡಿತು. ಮುಖ್ಯವಾದ ಕೆಲವು ಕಟ್ಟಡಗಳ ಕಲ್ಲು ಇಟ್ಟಿಗೆಗಳನ್ನು ಬೆಟ್ಟದ ಮೇಲಕ್ಕೂ ದಡದ ಅನುಪು ಎಂಬಲ್ಲಿಗೂ ಸಾಗಿಸಿ ಮತ್ತೆ ಕಟ್ಟಲಾಯಿತು. ನೀರು ಏರಿತು, ಬೆಟ್ಟದ ತುದಿ ದ್ವೀಪವಾಯಿತು. ಉಳಿದ ನಗರ ಲಾಂಚಿನಲ್ಲಿ ಹೋಗುವವರ ಕಾಲ ಕೆಳಗೇ ಮಲಗಿದೆ.

ದ್ವೀಪದ ವಸ್ತುಸಂಗ್ರಹಾಲಯದಲ್ಲಿ ಬುದ್ಧನ ವಿಗ್ರಹಗಳು, ಜಾತಕ ಕಥೆಗಳ ಶಿಲ್ಪಫಲಕಗಳು, ಮುಳುಗಿದ ಕಣಿವೆಯ ಮಾದರಿ ಇವೆ. ಅನುಪುವಿನಲ್ಲಿ ಮೆಟ್ಟಿಲುಗಳ ಬಯಲು ರಂಗಮಂದಿರವನ್ನು ನೋಡಬಹುದು.

ಸಂಗ್ರಹಾಲಯಕ್ಕೆ ಶುಕ್ರವಾರ ರಜೆ. ನೀರಿನ ಮಟ್ಟ, ಗಾಳಿ ನೋಡಿ ಲಾಂಚ್ ಬಿಡುವುದರಿಂದ ಮೊದಲೇ ವಿಚಾರಿಸಿ ಹೊರಡುವುದು ಒಳಿತು. ಮಕ್ಕಳನ್ನು ಕರೆದೊಯ್ಯುವ ಹಿರಿಯರು ದಾರಿಯಲ್ಲಿ ಬನವಾಸಿಯ ಕಥೆಯನ್ನೂ ಹೇಳಿದರೆ, ಹೊರನಾಡಿನಲ್ಲಿ ಬೆಳೆಯುತ್ತಿರುವ ಆ ಮಕ್ಕಳಿಗೆ ಕೊಡಬಲಿಸಿರಿ ದೂರದವಳೆನಿಸಲಾರಳು.